ಕಾಡಿಗೆ ಹೋಗುವ ವಯಸ್ಸಿನಲ್ಲಿ ಕ್ಲಬ್ಬಿಗೆ

ಮಾಸ್ತಿ ವೆಂಕಟೇಶ ಅಯ್ಯಂಗಾರರ ಬಗ್ಗೆ ಬಸವನಗುಡಿಯ ಹಳಬರನ್ನು ಮಾತಿಗೆಳೆದರೆ ಸಣ್ಣಕತೆ, ಕಾದಂಬರಿಗಳಿಗಿಂತ ಮುಂಚೆ ಬರುವುದು ಕೊಡೆ, ಕೋಟು ಮತ್ತು ಇಸ್ಪೀಟು. ಸಂಜೆಯಾದರೆ ಗವಿಪುರದ ಮನೆಯಿಂದ ಕೊಡೆ ಹಿಡಿದು ಹೊರಟು, ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸಿಕೊಂಡು ಬಸವನಗುಡಿಯ ಕ್ಲಬ್ಬು ಸೇರಿ ಎಲೆ ಹಿಡಿದು ಕೂರುವುದು ಅವರ ರೂಢಿ. ಮೈಸೂರು ಸಂಸ್ಥಾನದ ನೌಕರಿ ಬಿಟ್ಟ ಮೇಲೆ ಅವರು ನಾಲ್ಕು ದಶಕಕ್ಕೂ ಹೆಚ್ಚು ಬದುಕಿದರು. 1983ರ ಜ್ಞಾನಪೀಠ ಬಂದಾಗ ವಯಸ್ಸು ತೊಂಬತ್ತು ದಾಟಿತ್ತು. 1986ರ ಜೂನ್ 6ರಂದು, ತಾವು ಹುಟ್ಟಿದ ತಾರೀಕಿನಂದೇ, ತೀರಿಕೊಂಡರು. ಹುಟ್ಟಾ ದೈವಭಕ್ತರು, ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಬರೆದವರು. ಆ ಭಕ್ತಿಗೂ ಈ ಇಸ್ಪೀಟಿಗೂ ಹೇಗೆ ಹೊಂದಿತು ಎಂದು ಯಾರೂ ಕೇಳಿದಂತಿಲ್ಲ.

ಮಾಸ್ತಿಯವರನ್ನು ಕೇಳದ ಪ್ರಶ್ನೆಯನ್ನು ನಿವೃತ್ತ ಗುಮಾಸ್ತರನ್ನು ಮಾತ್ರ ದಿನವೂ ಕೇಳಲಾಗುತ್ತದೆ. ‘ಈ ವಯಸ್ಸಲ್ಲಿ ರಾಮಾ ಕೃಷ್ಣಾ ಅಂದ್ಕೊಂಡು ಮನೇಲಿರೋದು ಬಿಟ್ಟು ಕ್ಲಬ್ಬಂತೆ, ರಮ್ಮಿಯಂತೆ!’ ಮಾತು ಸೊಸೆಯದ್ದಾಗಿರಬಹುದು, ಹೆಂಡತಿಯದ್ದಾಗಿರಬಹುದು, ಎಷ್ಟೋ ಸಲ ಎದೆಯೊಳಗಿನದೇ ಆಗಿರಬಹುದು. ಬೈಗುಳದಂತೆ ಕೇಳಿಸಿದರೂ ಇದು ಧರ್ಮಶಾಸ್ತ್ರದ ಪ್ರಶ್ನೆ. ಮುಪ್ಪು ಯಾತಕ್ಕಾಗಿ ಇರುವ ಕಾಲ? ಜನರಿಂದ ಮೆಲ್ಲಗೆ ಸರಿದು ಒಳಮುಖವಾಗುವುದಕ್ಕೋ, ಅಥವಾ ಸಮವಯಸ್ಕರ ನಡುವೆ ಕೂತು ಕಾಫಿ ಕುಡಿಯುವುದಕ್ಕೋ? 2011ರ ಜನಗಣತಿಯ ಹೊತ್ತಿಗೇ ಭಾರತದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚಿದ್ದರು. 2050ಕ್ಕೆ ಅದು 34 ಕೋಟಿ ಮೀರುತ್ತದೆ, ಐವರಲ್ಲಿ ಒಬ್ಬರು ಹಿರಿಯರಾಗಿರುತ್ತಾರೆ ಎಂಬುದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಅಂದಾಜು. ಇಷ್ಟು ಜನರನ್ನು ಕಾಡಿಗೆ ಕಳಿಸೋಣವೆಂದರೆ ಅಷ್ಟು ಕಾಡೂ ಉಳಿದಿಲ್ಲ.

ಕಾಡಿನ ಮಾತು ಮೊದಲು ಬರುವುದು ಸ್ಮೃತಿಗಳಲ್ಲಿ. ಮೈಮೇಲೆ ಸುಕ್ಕು, ತಲೆಯಲ್ಲಿ ನರೆ, ಮಡಿಲಲ್ಲಿ ಮಗನ ಮಗ: ಈ ಮೂರೂ ಕಂಡಾಗ ಗೃಹಸ್ಥ ಅರಣ್ಯಕ್ಕೆ ಹೊರಡಬೇಕೆಂದು ಮನುಸ್ಮೃತಿಯ ಆರನೆಯ ಅಧ್ಯಾಯ ಹೇಳುತ್ತದೆ. ಹೆಂಡತಿಯನ್ನು ಮಕ್ಕಳ ಬಳಿ ಬಿಟ್ಟಾದರೂ ಹೋಗಬಹುದು, ಜೊತೆಗೆ ಕರೆದುಕೊಂಡಾದರೂ ಹೋಗಬಹುದು. ಹೆಂಡತಿಯ ಇಷ್ಟವೇನೆಂದು ಕೇಳುವ ಗೋಜಿಗೆ ಸ್ಮೃತಿಕಾರ ಹೋಗಿಲ್ಲ. ಆದರೆ ಅದೇ ಅಧ್ಯಾಯದಲ್ಲಿ, ಸ್ವಲ್ಪ ಮುಂದೆ, ವಾನಪ್ರಸ್ಥನಾದವನು ತನ್ನ ಆಶ್ರಮಕ್ಕೆ ಬಂದವರನ್ನು ನೀರು, ಗೆಡ್ಡೆ, ಹಣ್ಣು ಕೊಟ್ಟು ಸತ್ಕರಿಸಬೇಕೆಂಬ ವಿಧಿಯೂ ಇದೆ. ಅಂದರೆ ಅಲ್ಲಿಗೆ ಜನ ಬಂದು ಹೋಗುತ್ತಿದ್ದರು. ಉಪನ್ಯಾಸಗಳಲ್ಲಿ ವಾನಪ್ರಸ್ಥವೆಂದರೆ ಒಬ್ಬಂಟಿ ಮುದುಕನ ಚಿತ್ರವನ್ನೇ ಬಿಡಿಸುವವರು ಈ ವಿಧಿಯನ್ನು ಓದದೇ ದಾಟಿರಬೇಕು.

ವಿಧಿಗಿಂತ ಕತೆ ಹೆಚ್ಚು ಹೇಳುತ್ತದೆ. ಮಹಾಭಾರತದ ಆಶ್ರಮವಾಸಿಕ ಪರ್ವ ಕನ್ನಡಿಗರ ಬಾಯಲ್ಲಿ ಅಷ್ಟಾಗಿ ಆಡದ ಭಾಗ. ಕುಮಾರವ್ಯಾಸ ಹತ್ತು ಪರ್ವಕ್ಕೇ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಮುಗಿಸಿದನಾದರೂ ಗಮಕ ವಾಚನಗಳು ಗದಾಪರ್ವ ದಾಟಿ ಮುಂದೆ ಹೋಗುವುದು ಅಪರೂಪ. ಗಮಕ ಕೇಳಲು ಮುಂದಿನ ಸಾಲಿನಲ್ಲಿ ಕೂರುವವರು ಬಹುಪಾಲು ಅರವತ್ತು ದಾಟಿದವರು. ಅವರದೇ ಕತೆಯಾದ ಪರ್ವ ಮಾತ್ರ ಅವರ ಕಿವಿಗೆ ಬೀಳುವುದಿಲ್ಲ.

ಯುದ್ಧ ಮುಗಿದ ಮೇಲೆ ಧೃತರಾಷ್ಟ್ರ ಹದಿನೈದು ವರ್ಷ ಧರ್ಮರಾಯನ ಆಶ್ರಯದಲ್ಲಿದ್ದ. ಊಟ, ಬಟ್ಟೆ, ಗೌರವ ಯಾವುದಕ್ಕೂ ಕೊರತೆಯಿರಲಿಲ್ಲ. ಭೀಮನೊಬ್ಬ ಮಾತ್ರ ಅಣ್ಣನ ಕಣ್ಣು ತಪ್ಪಿಸಿ ಚುಚ್ಚುತ್ತಿದ್ದ. ತನ್ನ ತೋಳು ತಟ್ಟಿಕೊಂಡು, ಕುರುಡನ ಮಕ್ಕಳನ್ನು ಮುಗಿಸಿದ ತೋಳುಗಳಿವು ಎಂದು ಆ ಕುರುಡನಿಗೆ ಕೇಳುವ ಹಾಗೆ ಹೇಳುತ್ತಿದ್ದ. ಮುದುಕ ಕಾಡಿಗೆ ಹೊರಟದ್ದು ವೈರಾಗ್ಯದಿಂದ ಎಂದು ಪುರಾಣಿಕರು ಹೇಳಿದರೂ ವ್ಯಾಸರು ಈ ಮಾತನ್ನು ಮುಚ್ಚಿಟ್ಟಿಲ್ಲ. ವೈರಾಗ್ಯ ಇದ್ದೀತು, ತಾಟಿನ ಮುಂದೆ ಕೂತಾಗ ಬರುವ ಚುಚ್ಚುಮಾತೂ ಇತ್ತು. ಇಂದಿಗೂ ಪಾರ್ಕಿನ ಬೆಂಚಿಗೆ, ಸಂಘದ ಕೊಠಡಿಗೆ ಹಿರಿಯರನ್ನು ತಳ್ಳುವುದು ಇವೆರಡರ ಬೆರಕೆಯೇ. ಯಾವುದು ಎಷ್ಟು ಪಾಲು ಎಂದು ಅವರಿಗೂ ಹೇಳಲಾಗದು.

ಹೊರಟದ್ದಾದರೂ ಹೇಗೆ? ಕಾರ್ತಿಕದ ಹುಣ್ಣಿಮೆಯ ದಿನ ಕುಂತಿ ಮುಂದೆ ನಡೆದಳು. ಅವಳ ಹೆಗಲ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿದ ಗಾಂಧಾರಿಯ ಕೈ, ಗಾಂಧಾರಿಯ ಹೆಗಲ ಮೇಲೆ ಧೃತರಾಷ್ಟ್ರನ ಕೈ. ವಿದುರ, ಸಂಜಯ ಜೊತೆಗಿದ್ದರು. ಕುಂತಿ ಹೋಗಬೇಕಾದ ಅಗತ್ಯವೇ ಇರಲಿಲ್ಲ. ಗೆದ್ದವರ ತಾಯಿ ಅವಳು. ಮಕ್ಕಳು ಕಾಲು ಹಿಡಿದು ತಡೆದರೂ ನಿಲ್ಲಲಿಲ್ಲ. ನೂರು ಮಕ್ಕಳನ್ನು ಕಳೆದುಕೊಂಡವಳಿಗೆ, ಅವರನ್ನು ಕೊಂದವನ ತಾಯಿ ದಾರಿ ತೋರಿಸಿಕೊಂಡು ಹೋದಳು. ಅವರು ಸೇರಿದ್ದು ಕುರುಕ್ಷೇತ್ರದಲ್ಲಿದ್ದ ಶತಯೂಪನ ಆಶ್ರಮವನ್ನು. ಈ ಶತಯೂಪ ಯಾರೆಂದರೆ ಮಗನಿಗೆ ಪಟ್ಟ ಬಿಟ್ಟುಕೊಟ್ಟು ಬಂದ ಕೇಕಯರ ರಾಜ. ಮಾಜಿ ರಾಜನೊಬ್ಬ ಮತ್ತೊಬ್ಬ ಮಾಜಿ ರಾಜನಿಗೆ ಅರಣ್ಯವಾಸದ ರೀತಿನೀತಿ ಹೇಳಿಕೊಟ್ಟ. ನಿವೃತ್ತರ ಸಂಘಕ್ಕೆ ಹೊಸದಾಗಿ ಸೇರಿದವರಿಗೆ ಹಳೆಯ ಸದಸ್ಯರು ಪೆನ್ಷನ್ ಕಾಗದಪತ್ರದ ದಾರಿ ತೋರಿಸುವುದೂ ಹೀಗೆಯೇ.

ಅದೇ ಕಾಡಿನಲ್ಲಿ ವಿದುರ ಬೇರೆ ದಾರಿ ಹಿಡಿದ. ಊಟ ಬಿಟ್ಟ, ಬಟ್ಟೆ ಬಿಟ್ಟ, ಎಲುಬಿನ ಗೂಡಾಗಿ ಒಬ್ಬನೇ ಅಲೆದ, ಕೊನೆಗೆ ಮರಕ್ಕೊರಗಿ ಪ್ರಾಣ ಬಿಟ್ಟ. ಉಳಿದ ಮೂವರು ಕೊನೆಯವರೆಗೂ ಒಟ್ಟಿಗಿದ್ದರು. ಕಾಡ್ಗಿಚ್ಚು ಬಂದಾಗ ಸಂಜಯನನ್ನು ತಪ್ಪಿಸಿಕೊಳ್ಳುವಂತೆ ಕಳಿಸಿ ಒಟ್ಟಿಗೇ ಕೂತು ಸುಟ್ಟುಹೋದರು. ವಿದುರನ ಏಕಾಂತ ದೊಡ್ಡದೋ, ಈ ಮೂವರ ಸಾಂಗತ್ಯ ದೊಡ್ಡದೋ ಎಂದು ಮಹಾಭಾರತ ತೂಗಿ ನೋಡಿಲ್ಲ. ಈ ವಿಷಯದಲ್ಲಿ ಅದು ಉಪನ್ಯಾಸಕಾರರಿಗಿಂತ ಉದಾರವಾಗಿದೆ.

ಬೌದ್ಧರಲ್ಲೂ ಈ ಎರಡು ದನಿ ಉಂಟು. ಸುತ್ತನಿಪಾತದ ಒಂದು ಸುತ್ತ ಖಡ್ಗಮೃಗದ ಹಾಗೆ ಒಂಟಿಯಾಗಿ ಸಂಚರಿಸಲು ಹೇಳಿದರೂ ನಡುವೆ, ವಿವೇಕಿಯಾದ ಸಂಗಾತಿ ಸಿಕ್ಕರೆ ಅವನೊಡನೆ ನಡೆ ಎಂದೂ ಸೇರಿಸುತ್ತದೆ. ಇನ್ನೊಂದು ಕಡೆ ಆನಂದ ಬಂದು, ಒಳ್ಳೆಯ ಗೆಳೆತನ ಈ ಧರ್ಮಜೀವನದ ಅರ್ಧ ಪಾಲಲ್ಲವೇ ಎನ್ನುತ್ತಾನೆ. ಹಾಗನ್ನಬೇಡ, ಅದೇ ಪೂರ್ತಿ ಎಂದು ಬುದ್ಧ ತಿದ್ದುತ್ತಾನೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಆಶ್ರಮಗಳ ಮೆಟ್ಟಿಲನ್ನೇ ಒಪ್ಪಲಿಲ್ಲ. ಕಾಯಕ ಮಾಡಿಕೊಂಡು, ಸಂಸಾರದಲ್ಲಿದ್ದುಕೊಂಡು, ಸಂಗದಲ್ಲಿ ಕೂತು ಅನುಭಾವ ಹಂಚಿಕೊಳ್ಳುವುದು ಅವರ ದಾರಿ. ಆ ಲೆಕ್ಕದಲ್ಲಿ ಕಾಡಿಗೆ ಹೋಗುವ ವಯಸ್ಸು ಎಂಬುದೇ ಇಲ್ಲ.

ಆದರೂ ಸರಿದುಹೋಗಬೇಕೆಂಬ ವಾದ ಬಲವಾದದ್ದು, ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುತ್ತದೆ. 1961ರಲ್ಲಿ ಅಮೆರಿಕದ ಎಲೇನ್ ಕಮಿಂಗ್ ಮತ್ತು ವಿಲಿಯಂ ಹೆನ್ರಿ ಎಂಬ ಸಂಶೋಧಕರು ಕ್ಯಾನ್ಸಸ್ ಸಿಟಿಯ ಹಿರಿಯರನ್ನು ಅಧ್ಯಯನ ಮಾಡಿ ಒಂದು ಸಿದ್ಧಾಂತ ಮಂಡಿಸಿದರು. ವಯಸ್ಸಾದಂತೆ ಮನುಷ್ಯ ಸಮಾಜದ, ಸಮಾಜ ಮನುಷ್ಯನ ಕೈ ಬಿಡುವುದು ಸಹಜ. ಇಬ್ಬರಿಗೂ ಅದೇ ಒಳ್ಳೆಯದು. ಅಂಕಿಅಂಶದ ಕೋಟು ತೊಡಿಸಿದ ವಾನಪ್ರಸ್ಥ ಇದು. ಹಿಂದೆಯೇ ಟೀಕೆಗಳ ಸುರಿಮಳೆಯಾಯಿತು. ಜನ ತಾವಾಗಿ ಸರಿಯುತ್ತಾರೋ, ಸರಿಸಲ್ಪಡುತ್ತಾರೋ ಎಂಬ ಪ್ರಶ್ನೆಗೆ ಸಿದ್ಧಾಂತದಲ್ಲಿ ಉತ್ತರವಿರಲಿಲ್ಲ. ಫ್ರಾನ್ಸಿನ ಸಿಮೊನ್ ದ ಬೊವಾ 1970ರಲ್ಲಿ ಮುಪ್ಪಿನ ಮೇಲೆ ಬರೆದ ದಪ್ಪ ಗ್ರಂಥದಲ್ಲಿ ಈ ಪ್ರಶ್ನೆಯನ್ನೇ ಹಿಡಿದುಕೊಂಡರು: ದುಡಿಸಿಕೊಂಡು ಬಿಸಾಡುವ ಸಮಾಜ ತನ್ನ ತಪ್ಪು ಮುಚ್ಚಿಕೊಳ್ಳಲು ಮುದುಕರಿಗೆ ಶಾಂತಮೂರ್ತಿಯ ಪಾತ್ರ ಕೊಟ್ಟು ಕೂರಿಸುತ್ತದೆ ಎಂಬುದು ಅವರ ದೂರಿನ ಸಾರ.

ಕಾಶಿಯ ಬೀದಿಯಲ್ಲಿ ಮುದುಕನೊಬ್ಬ ವ್ಯಾಕರಣ ಸೂತ್ರ ಉರು ಹೊಡೆಯುವುದನ್ನು ಕಂಡು ಶಂಕರರು ‘ಭಜಗೋವಿಂದಂ’ ಹಾಡಿದರೆಂದು ಐತಿಹ್ಯ. ಸಾವು ಬಾಗಿಲಿಗೆ ಬಂದಾಗ ವ್ಯಾಕರಣ ಕಾಪಾಡದು ಎಂಬ ಎಚ್ಚರಿಕೆ ಅದು. ಹಿರಿಯರ ಯಾವ ಹವ್ಯಾಸಕ್ಕಾದರೂ ಈ ಎಚ್ಚರಿಕೆಯನ್ನು ಅಂಟಿಸಬಹುದು. ಕಲಿಕೆಯನ್ನೇ ತೆಗೆದುಕೊಳ್ಳಿ. 1973ರಲ್ಲಿ ಫ್ರಾನ್ಸಿನ ಟೂಲೂಸ್ ನಗರದಲ್ಲಿ ಪಿಯರ್ ವೆಲಾಸ್ ಎಂಬ ಪ್ರಾಧ್ಯಾಪಕರು ನಿವೃತ್ತರಿಗೆಂದೇ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ ತೆರೆದರು. ಇಂಗ್ಲೆಂಡಿನಲ್ಲಿ 1980ರ ದಶಕದಲ್ಲಿ ಅದು ಬೇರೆ ರೂಪ ತಾಳಿತು. ಅಲ್ಲಿ ಪರೀಕ್ಷೆ ಇಲ್ಲ, ಪದವಿ ಇಲ್ಲ. ಸದಸ್ಯರೇ ಮೇಷ್ಟ್ರು, ಸದಸ್ಯರೇ ವಿದ್ಯಾರ್ಥಿಗಳು. ಕಾಶಿಯ ಆ ಮುದುಕನಿಗೆ ಹೇಳಿ ಮಾಡಿಸಿದ ಜಾಗ. ಶಂಕರರ ಆಕ್ಷೇಪ ಇಲ್ಲಿಗೆ ಹತ್ತುತ್ತದೆಯೇ? ಹೆಚ್ಚಿನ ಪಾಲು ಹತ್ತುವುದಿಲ್ಲ ಎನ್ನಬೇಕು. ಅವರ ಸಿಟ್ಟು ಕಲಿಕೆಯ ಮೇಲಲ್ಲ, ಕಲಿತದ್ದನ್ನು ಆಸರೆಯೆಂದು ನಂಬುವುದರ ಮೇಲೆ. ಆ ಕೃತಿಯಲ್ಲೇ ಮುಂದೆ, ಬಿಡುಗಡೆಯ ಮೆಟ್ಟಿಲುಗಳು ಶುರುವಾಗುವುದು ಸಜ್ಜನರ ಒಡನಾಟದಿಂದ ಎಂಬ ಮಾತು ಬರುತ್ತದೆ. ಎಪ್ಪತ್ತರಲ್ಲಿ ಚಿತ್ರ ಬಿಡಿಸಲು ಕೂತವರಿಗೆ ಪ್ರಮಾಣಪತ್ರದ ಆಸೆ ಇರುವುದಿಲ್ಲ. ಮಗ್ಗುಲಲ್ಲಿ ಕೂತವರು ಇವತ್ತೂ ಬಂದಿದ್ದಾರೆಯೇ ಎಂಬುದೇ ಅವರಿಗೆ ದೊಡ್ಡದು.

ಈ ವಿಷಯದಲ್ಲಿ ಎಲ್ಲರಿಗಿಂತ ಹಗುರವಾದ ಕೈ ರೋಮಿನ ಸಿಸೆರೋನದು. ಕ್ರಿಸ್ತಪೂರ್ವ 44ರಲ್ಲಿ, ತನಗೇ 62ರ ಹೊತ್ತಿನಲ್ಲಿ, ಮುಪ್ಪಿನ ಬಗ್ಗೆ ಅವನೊಂದು ಸಂವಾದ ಬರೆದ. ಮಾತಾಡುವ ಮುಖ್ಯಪಾತ್ರ 84ರ ಕೇಟೋ. ಇಳಿವಯಸ್ಸಿನಲ್ಲಿ ಗ್ರೀಕ್ ಕಲಿತವನೆಂದು ಹೆಸರಾದ, ಕಟ್ಟುನಿಟ್ಟಿನ ಮನುಷ್ಯ. ಅಂಥವನ ಬಾಯಲ್ಲೇ ಸಿಸೆರೋ ಕ್ಲಬ್ಬಿನ ಗುಣಗಾನ ಮಾಡಿಸುತ್ತಾನೆ. ಮಹಾಮಾತೆಯ ಆರಾಧನೆ ರೋಮಿಗೆ ಬಂದಾಗ ಅದರ ಜೊತೆಗೆ ಹುಟ್ಟಿದ ಗೆಳೆಯರ ಕೂಟಗಳನ್ನು ಕೇಟೋ ನೆನೆಯುತ್ತಾನೆ. ಆ ಕೂಟದ ಊಟದಲ್ಲಿ ತನಗೆ ರುಚಿ ಮುಖ್ಯವಾಗಿರಲಿಲ್ಲ, ಜೊತೆಗಾರರು ಮತ್ತು ಅವರ ಮಾತು ಮುಖ್ಯ ಎನ್ನುತ್ತಾನೆ. ಕುದುರೆ, ಈಟಿ, ಈಜು ಎಲ್ಲ ಹುಡುಗರಿಗಿರಲಿ, ಮುದುಕರಾದ ನಮಗೆ ದಾಳ ಬಿಟ್ಟುಕೊಟ್ಟರೆ ಸಾಕು, ಅದೂ ಬೇಡವೆಂದರೆ ಬೇಡ ಎಂದು ನಗುತ್ತಾನೆ. ದೇವತೆಯ ಹೆಸರಲ್ಲಿ ಶುರುವಾಗಿ ಊಟಕ್ಕೆ ಬಂದು ನಿಂತ ಕೂಟ ನಮಗೆ ಹೊಸದಲ್ಲ. ರಾಮನವಮಿಯ ಪಾನಕ, ಕೋಸಂಬರಿಯ ನೆಪದಲ್ಲಿ ಹುಟ್ಟಿದ ಬಡಾವಣೆಯ ಸಮಿತಿಗಳು ವರ್ಷವಿಡೀ ಏನು ಮಾಡುತ್ತವೆ ಎಂದು ನೋಡಿದರೆ ಸಾಕು.

ಇದಕ್ಕೆ ಎದುರಾಗಿ ಅರಿಸ್ಟಾಟಲ್ ತುಸು ಕಹಿ. ಗೆಳೆತನವನ್ನು ಅವನು ಮೂರು ಬಗೆ ಮಾಡಿದ: ಉಪಯೋಗಕ್ಕಾಗಿ, ಸುಖಕ್ಕಾಗಿ, ಗುಣಕ್ಕಾಗಿ. ವಯಸ್ಸಾದವರು ಉಪಯೋಗವನ್ನೇ ಹೆಚ್ಚು ಹುಡುಕುತ್ತಾರೆ, ಸಿಡುಕರಾಗಿರುತ್ತಾರೆ, ಬೇಗ ಗೆಳೆಯರಾಗುವುದಿಲ್ಲ ಎಂದು ಬರೆದ. ಯಾವುದೇ ಹಿರಿಯರ ಸಂಘದ ವಾರ್ಷಿಕ ಮಹಾಸಭೆಗೆ ಹೋಗಿಬಂದವರು ಸಿಡುಕಿನ ಬಗ್ಗೆ ಅವನ ಮಾತನ್ನು ಒಪ್ಪಿಯೇ ಒಪ್ಪುತ್ತಾರೆ. ಫ್ಯಾನಿನ ವೇಗ, ಕಾಫಿಯ ಸಕ್ಕರೆ, ಖಜಾಂಚಿಯ ಲೆಕ್ಕದಲ್ಲಿ ಹೊಂದದ ನಾಲ್ಕು ರೂಪಾಯಿ, ಇವುಗಳ ಮೇಲೆ ತಿಂಗಳುಗಟ್ಟಲೆ ಮಾತು ಬಿಟ್ಟವರಿದ್ದಾರೆ. ಉಪಯೋಗದ ವಿಷಯದಲ್ಲಿ ಮಾತ್ರ ಅರಿಸ್ಟಾಟಲನಿಗೆ ಲೆಕ್ಕ ತಪ್ಪಿತು. ಈ ವಯಸ್ಸಿನಲ್ಲಿ ಒಬ್ಬರಿಂದ ಒಬ್ಬರಿಗೆ ಆಗಬೇಕಾದ ಕೆಲಸವೇ ಅಷ್ಟಿಲ್ಲ. ಬಡ್ತಿ ಕೊಡಿಸುವಂತಿಲ್ಲ, ಸೈಟು ಮಾಡಿಸುವಂತಿಲ್ಲ, ಮಗಳಿಗೆ ಗಂಡು ನೋಡುವ ಕಾಲವೂ ಮುಗಿದಿದೆ. ಗೆಳೆತನದಿಂದ ಲಾಭವೆಲ್ಲ ಬಸಿದುಹೋದ ಮೇಲೂ ದಿನ ಸಂಜೆ ಐದಕ್ಕೆ ಬಂದು ಕೂರುತ್ತಾರಲ್ಲ, ಆ ಕೂರುವಿಕೆಗೆ ಅರಿಸ್ಟಾಟಲನ ಪಟ್ಟಿಯಲ್ಲಿ ಖಾನೆ ಹುಡುಕುವುದು ಕಷ್ಟ.

ಕ್ಲಬ್ಬನ್ನು ವಾನಪ್ರಸ್ಥಕ್ಕೆ ಹತ್ತಿರ ತರುವುದು ಇದೇ. ಮನೆಯಲ್ಲಿ ಮನುಷ್ಯ ಅಪ್ಪ, ಮಾವ, ಅಜ್ಜಿ, ಅತ್ತೆ. ಆ ಪದವಿಗೆ ತಕ್ಕ ಹಕ್ಕು, ದೂರು, ನಿರೀಕ್ಷೆ ಬೆನ್ನಿಗಂಟಿರುತ್ತವೆ. ದೇವಸ್ಥಾನದಲ್ಲಿ ಅವನು ಬೇಡುವವನು. ಕ್ಲಬ್ಬಿನ ಮೇಜಿನ ಸುತ್ತ ಮಾತ್ರ ನಿವೃತ್ತ ಎಂಜಿನಿಯರೂ ನಿವೃತ್ತ ಕಂಡಕ್ಟರೂ ಒಂದೇ ಕಟ್ಟಿನಿಂದ ಎಲೆ ಎತ್ತುತ್ತಾರೆ. ಹಳೆಯ ಹುದ್ದೆಯ ಜಂಭ ಮೊದಲ ಕೆಲವು ವಾರ ಇರುತ್ತದೆ. ಕೇಳುವವರಿಲ್ಲದೆ ತಾನೇ ಉದುರುತ್ತದೆ. ಸ್ಮೃತಿಗಳು ಮನೆ ಬಿಡಲು ಹೇಳಿದ್ದು ಈ ಬಿಡಿಸಿಕೊಳ್ಳುವಿಕೆಗಾಗಿ ಎಂದಾದರೆ, ಅದಕ್ಕೆ ಮರಗಿಡಗಳಿಗಿಂತ ತನ್ನಂತೆಯೇ ಎಲ್ಲ ಬಿಟ್ಟುಕೊಟ್ಟು ಬಂದ ನಾಲ್ಕು ಜನ ಹೆಚ್ಚು ಅನುಕೂಲ. ಶತಯೂಪನ ಆಶ್ರಮದಲ್ಲಿ ಆದದ್ದೂ ಅಷ್ಟೇ.

ನವೆಂಬರ್ ತಿಂಗಳಲ್ಲಿ ಇದರ ಒಂದು ವಿಚಿತ್ರ ರೂಪ ಕಾಣುತ್ತದೆ. ಕೇಂದ್ರ ಸರ್ಕಾರದ ಪಿಂಚಣಿದಾರರು ತಾವು ಬದುಕಿದ್ದೇವೆಂದು ಆ ತಿಂಗಳು ಪ್ರಮಾಣಪತ್ರ ಕೊಡಬೇಕು. 2014ರ ನವೆಂಬರಿನಲ್ಲಿ ‘ಜೀವನ್ ಪ್ರಮಾಣ್’ ಬಂದಮೇಲೆ ಬೆರಳಚ್ಚು ಒತ್ತಿದರೆ ಸಾಕು. ಆದರೆ ಎಷ್ಟೋ ಮುದಿ ಬೆರಳುಗಳ ಗೆರೆ ಸವೆದು ಯಂತ್ರಕ್ಕೆ ಹತ್ತುವುದಿಲ್ಲ. ಸಂಘಗಳ ಕೊಠಡಿಯಲ್ಲಿ ಆಗ ಶಿಬಿರ ನಡೆಯುತ್ತದೆ. ಮೊಬೈಲು ಬಲ್ಲವರು ಬಾರದವರಿಗೆ ಮಾಡಿಕೊಡುತ್ತಾರೆ, ಯಂತ್ರ ಒಪ್ಪದವರನ್ನು ಬ್ಯಾಂಕಿಗೆ ಕರೆದೊಯ್ಯುತ್ತಾರೆ. ‘ನಾನು ಯಾರು’ ಎಂಬ ಉಪನಿಷತ್ತಿನ ಪ್ರಶ್ನೆಗಿಂತ ‘ನಾನು ಇದ್ದೇನೆ’ ಎಂಬುದನ್ನು ಸಾಬೀತು ಮಾಡುವುದು ಅಲ್ಲಿ ಹೆಚ್ಚು ತುರ್ತು. ತಮಾಷೆಗೂ ಬರವಿಲ್ಲ. 80 ತುಂಬಿದರೆ ಪಿಂಚಣಿ ಶೇಕಡ 20 ಹೆಚ್ಚುತ್ತದೆ, ನೂರಕ್ಕೆ ದುಪ್ಪಟ್ಟು. ಹೆಚ್ಚು ಕಡಿಮೆ ಆ ಎಂಬತ್ತರ ಹೊತ್ತಿಗೇ ಸಾವಿರ ಹುಣ್ಣಿಮೆ ಕಂಡದ್ದಕ್ಕೆ ಸಹಸ್ರಚಂದ್ರದರ್ಶನದ ಶಾಂತಿ. ಶಾಸ್ತ್ರ ಮತ್ತು ಖಜಾನೆ ಇಷ್ಟು ಹೊಂದಿಕೊಂಡು ನಡೆಯುವ ಸಂದರ್ಭ ಬೇರೆ ಸಿಗಲಾರದು.

ನಗೆಕೂಟಗಳ ಕತೆಯೂ ಇಲ್ಲಿ ಬೇಕು. 1995ರ ಮಾರ್ಚ್ 13ರಂದು ಮುಂಬಯಿಯ ಅಂಧೇರಿಯ ಪಾರ್ಕೊಂದರಲ್ಲಿ ವೈದ್ಯ ಮದನ್ ಕಟಾರಿಯಾ ಐದು ಜನರೊಂದಿಗೆ ಮೊದಲ ನಗೆಕೂಟ ಶುರುಮಾಡಿದರು. ಮೊದಮೊದಲು ಒಬ್ಬರು ಜೋಕು ಹೇಳುವುದು, ಉಳಿದವರು ನಗುವುದು. ಕೆಲವೇ ದಿನದಲ್ಲಿ ಒಳ್ಳೆಯ ಜೋಕುಗಳು ಖಾಲಿಯಾಗಿ, ಮನಸ್ಸು ನೋಯಿಸುವವು ಬರತೊಡಗಿದವು. ಆಗ ಜೋಕನ್ನೇ ಬಿಟ್ಟು ಸುಮ್ಮನೆ ನಗುವುದೆಂದು ತೀರ್ಮಾನವಾಯಿತು. ಇಂದು ಲಾಲ್‌ಬಾಗಿನಿಂದ ಹಿಡಿದು ಊರೂರ ಪಾರ್ಕುಗಳಲ್ಲಿ ಬೆಳಿಗ್ಗೆ ಕೈ ಮೇಲೆತ್ತಿ ಹೋ ಹೋ ಎನ್ನುವ ಹಿರಿಯರನ್ನು ಕಂಡು ಜಾಗಿಂಗಿನ ಹುಡುಗರು ನಗುತ್ತಾರೆ. ಕಾರಣವಿಲ್ಲದ ನಗು ನಾಟಕವಲ್ಲವೇ ಎಂದು ಕೇಳಬಹುದು. ಅರ್ಥ ಗೊತ್ತಿಲ್ಲದೆ ಸಹಸ್ರನಾಮ ಹೇಳುವವರನ್ನೂ ಹಾಗೆಯೇ ಕೇಳಬೇಕಾಗುತ್ತದೆ. ಮೈ ಮೊದಲು ಮಾಡಲಿ, ಮನಸ್ಸು ಆಮೇಲೆ ಬಂದು ಸೇರಲಿ ಎಂಬುದು ಎಲ್ಲ ಆಚರಣೆಗಳ ಹಳೆಯ ನಂಬಿಕೆ.

ಈಚೆಗೆ ಕ್ಲಬ್ಬಿನ ಪರವಾಗಿ ವೈದ್ಯರು ವಕಾಲತ್ತು ವಹಿಸಿದ್ದಾರೆ. ಜೂಲಿಯಾನ್ ಹೋಲ್ಟ್-ಲನ್‌ಸ್ಟಡ್ ಮತ್ತು ಜೊತೆಗಾರರು 2010ರಲ್ಲಿ 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿದರು. ಗಟ್ಟಿಯಾದ ಜನಸಂಪರ್ಕವುಳ್ಳವರು ಬದುಕುಳಿಯುವ ಸಾಧ್ಯತೆ ಶೇಕಡ 50ರಷ್ಟು ಹೆಚ್ಚೆಂದು ಕಂಡುಬಂತು. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದ, ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ ಒಂಟಿತನವನ್ನು ಸಾಂಕ್ರಾಮಿಕವೆಂದು ಕರೆದು ಸಲಹಾಪತ್ರ ಹೊರಡಿಸಿದರು. ಜನಸಂಪರ್ಕವಿಲ್ಲದಿರುವುದು ಸಾವನ್ನು ಹತ್ತಿರ ತರುವುದರಲ್ಲಿ ದಿನಕ್ಕೆ 15 ಸಿಗರೇಟು ಸೇದುವುದಕ್ಕೆ ಸಮ ಎಂಬ ಹೋಲಿಕೆ ಅದರಲ್ಲಿತ್ತು. ಬ್ರಿಟನ್ 2018ರಲ್ಲೇ, ಜಪಾನ್ 2021ರಲ್ಲಿ ಒಂಟಿತನದ ಹೊಣೆಯನ್ನು ಒಬ್ಬೊಬ್ಬ ಮಂತ್ರಿಗೆ ವಹಿಸಿದವು.

ಇದೆಲ್ಲ ನಿಜ, ಉಪಯುಕ್ತ. ಆದರೆ ತತ್ತ್ವದ ಪ್ರಶ್ನೆಗೆ ಇದು ಉತ್ತರವಾಗುವುದಿಲ್ಲ. ಆಯುಸ್ಸು ಹೆಚ್ಚುತ್ತದೆಂದು ಗೆಳೆತನ ಮಾಡುವವರು ಗೆಳೆಯನನ್ನು ಗುಳಿಗೆಯಂತೆ ನುಂಗುತ್ತಿದ್ದಾರೆ ಅಷ್ಟೇ. ಐದು ವರ್ಷ ಹೆಚ್ಚು ಸಿಕ್ಕರೆ ಆ ಐದು ವರ್ಷ ಏತಕ್ಕೆ ಎಂದು ವೈದ್ಯಶಾಸ್ತ್ರ ಹೇಳಲಾರದು, ಹೇಳಬೇಕಾದದ್ದೂ ಇಲ್ಲ. ಕಾನೂನಿಗೂ ಇಂಥದೇ ಮಿತಿ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯಿದೆಯ ಪ್ರಕಾರ ಮಕ್ಕಳು ತಿಂಗಳಿಗೆ ಇಷ್ಟು ಜೀವನಾಂಶ ಕೊಡಬೇಕೆಂದು ನ್ಯಾಯಮಂಡಳಿ ಆದೇಶಿಸಬಹುದು. ಊಟದ ಹೊತ್ತಿಗೆ ಎದುರು ಕೂತು ಎರಡು ಮಾತಾಡಬೇಕೆಂದು ಆದೇಶಿಸುವಂತಿಲ್ಲ.

ಸಾವಿನ ಮಾತನ್ನು ಕ್ಲಬ್ಬು ಮರೆಸುತ್ತದೆ ಎಂಬುದು ಅದರ ಮೇಲಿನ ದೊಡ್ಡ ಆರೋಪ. ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದರೆ ಬೇರೆ ವಿಷಯ ಹೊಳೆಯುತ್ತದೆ. ಏಳನೆಯ ಶತಮಾನದ ಸುಮಾರಿನಿಂದ ಅಲ್ಲಿ ಬಂಡೆಯ ಮೇಲೆ ಕೊರೆದಿರುವ ಎಷ್ಟೋ ಶಾಸನಗಳು ಸಲ್ಲೇಖನದಿಂದ ಮುಡಿಪಿದವರವು. ಅನ್ನ ನೀರು ಬಿಟ್ಟು ದೇಹ ತ್ಯಜಿಸುವುದಕ್ಕಿಂತ ಒಂಟಿಯಾದ ಕೆಲಸ ಇನ್ನೊಂದಿಲ್ಲ ಎನಿಸುತ್ತದೆ. ಆದರೆ ಜೈನ ಗ್ರಂಥಗಳು ಅದನ್ನು ಒಂಟಿಯಾಗಿ ಮಾಡಗೊಡುವುದಿಲ್ಲ. ನಮ್ಮ ‘ವಡ್ಡಾರಾಧನೆ’ಯ ಕತೆಗಳಿಗೆ ಬೇರಾದ ‘ಭಗವತೀ ಆರಾಧನಾ’ ಎಂಬ ಪ್ರಾಕೃತ ಗ್ರಂಥ, ವ್ರತ ಹಿಡಿದವನ ಸುತ್ತ ನಿರ್ಯಾಪಕರೆಂಬ ಸಹಾಯಕ ಮುನಿಗಳಿರಬೇಕೆನ್ನುತ್ತದೆ. ಅವರ ಸಂಖ್ಯೆ 48. ಕೆಲವರು ಮಗ್ಗುಲು ಬದಲಿಸಲು, ಕೆಲವರು ಧರ್ಮಕತೆ ಹೇಳಲು, ಕೆಲವರು ಬಾಗಿಲು ಕಾಯಲು. ಲೋಕ ಬಿಡುವುದಕ್ಕೂ ಜನ ಬೇಕು ಎಂದು ತಪಸ್ಸಿನಲ್ಲಿ ಎಲ್ಲರಿಗಿಂತ ಮುಂದೆ ಹೋದವರೇ ಲೆಕ್ಕ ಹಾಕಿಟ್ಟಿದ್ದಾರೆ.

ಹಿರಿಯರ ಸಂಘದಷ್ಟು ಸಾವನ್ನು ನಿಯಮಿತವಾಗಿ ಕಾಣುವ ಜಾಗ ಆಸ್ಪತ್ರೆ ಬಿಟ್ಟರೆ ಇನ್ನೊಂದಿಲ್ಲ. ಸೂಚನಾಫಲಕದಲ್ಲಿ ಪ್ರವಾಸದ ಪಟ್ಟಿಯ ಪಕ್ಕದಲ್ಲೇ ನಿಧನವಾರ್ತೆ ಅಂಟಿರುತ್ತದೆ. ಸಂತಾಪ ಸಭೆ, ಎರಡು ನಿಮಿಷದ ಮೌನ, ಒಬ್ಬರೋ ಇಬ್ಬರೋ ನಾಲ್ಕು ಮಾತು, ಆಮೇಲೆ ಕಾಫಿ. ಅಷ್ಟೇ. ಆ ಸಂಜೆಯೂ ಎಲೆ ಹಂಚುತ್ತಾರೆ. ಇದನ್ನು ಕಲ್ಲುಮನಸ್ಸೆನ್ನುವವರು ವೈಕುಂಠ ಸಮಾರಾಧನೆಯ ದಿನ ಹೋಳಿಗೆ ಬಡಿಸುವುದನ್ನು ನೆನೆಯಬೇಕು.

ಕ್ಲಬ್ಬಿನ ನಿಜವಾದ ದೋಷ ಬೇರೆ ಕಡೆ ಇದೆ: ಅಲ್ಲಿಗೆ ಯಾರು ಬರುವುದಿಲ್ಲ ಎಂಬುದರಲ್ಲಿ. 2011ರ ಜನಗಣತಿಯಲ್ಲಿ 60 ದಾಟಿದ ಹೆಂಗಸರ ಸಂಖ್ಯೆ ಗಂಡಸರಿಗಿಂತ ಹೆಚ್ಚು, 5.3 ಕೋಟಿಯಷ್ಟು. ಇಸ್ಪೀಟಿನ ಮೇಜಿನ ಸುತ್ತ ಅವರನ್ನು ಹುಡುಕಿದರೆ ಸಿಗುವುದಿಲ್ಲ. ಗಂಡ ನಿವೃತ್ತನಾದ ದಿನ ಹೆಂಡತಿಗೆ ಅಡುಗೆಮನೆಯಿಂದ ನಿವೃತ್ತಿ ಸಿಗುವುದಿಲ್ಲ; ಮಧ್ಯಾಹ್ನವೂ ಮನೆಯಲ್ಲೇ ಇರುವ ಗಂಡನಿಗೆ ಇನ್ನೊಂದು ಲೋಟ ಕಾಫಿ ಹೆಚ್ಚುತ್ತದೆ. ಸ್ಮೃತಿ ಕೇಳದೆ ಬಿಟ್ಟ ಪ್ರಶ್ನೆ ಹಾಗೆಯೇ ಉಳಿದಿದೆ. ಹೆಂಗಸರ ಕ್ಲಬ್ಬು ಯಾವತ್ತೂ ಭಜನಾಮಂಡಳಿಯ ಹೆಸರಿನಲ್ಲಿ ನಡೆದುಬಂದಿದೆ, ಏಕೆಂದರೆ ಭಜನೆಗೆಂದರೆ ಮನೆಯಲ್ಲಿ ಯಾರೂ ಬೇಡವೆನ್ನುವುದಿಲ್ಲ. ಪುರಂದರದಾಸರ ಪದ ಅರ್ಧ ಗಂಟೆ, ಮಂಡಿನೋವು, ಮೊಮ್ಮಕ್ಕಳ ವೀಸಾ, ಸೊಸೆಯ ಸುದ್ದಿ ಒಂದು ಗಂಟೆ. ಅರಿಶಿನ ಕುಂಕುಮಕ್ಕೆ ಕರೆ ನಿಂತುಹೋದ ವಿಧವೆಯರು ತಾಳ ಹಿಡಿದು ನಡುವೆ ಕೂರುವ ಜಾಗವೂ ಅದೇ. ದೇವರ ಹೆಸರು ಇಲ್ಲಿ ಮಾಡುವ ಉಪಕಾರ ಸಣ್ಣದಲ್ಲ. ಆದರೆ ದೇವರ ಹೆಸರಿಲ್ಲದೆ ಸುಮ್ಮನೆ ನಾಲ್ಕು ಹೆಂಗಸರು ಕೂಡಿ ನಗುವುದಕ್ಕೆ ಮನೆಗಳು ಯಾಕೆ ಇನ್ನೂ ಒಪ್ಪುತ್ತಿಲ್ಲ ಎಂಬುದನ್ನು ಧರ್ಮವಂತರು ಉತ್ತರಿಸಬೇಕು.

ಹಾಗೆಯೇ ಪ್ರವೇಶಧನ ಕಟ್ಟಲಾರದವರು, ಪಿಂಚಣಿ ಎಂಬುದನ್ನೇ ಕಾಣದ ಕೂಲಿಯವರು, ಜಾತಿಯ ಸಮುದಾಯ ಭವನಗಳ ಹೊಸ್ತಿಲಾಚೆ ನಿಂತವರು. ಹಳ್ಳಿಯ ಅರಳಿಕಟ್ಟೆ ಪುಕ್ಕಟೆಯಾದರೂ ಅದರ ಮೇಲೆ ಯಾರು ಕೂರಬಹುದು, ಯಾರು ಕೆಳಗೆ ನಿಲ್ಲಬೇಕು ಎಂಬುದು ಎಲ್ಲರಿಗೂ ಗೊತ್ತಿದ್ದ ಲೆಕ್ಕ. ಕೇರಳದಲ್ಲಿ ಪಂಚಾಯಿತಿಗಳು ‘ಪಗಲ್ ವೀಡು’ ಎಂಬ ಹಗಲುಮನೆಗಳನ್ನು ತೆರೆದಿವೆ. ಸರ್ಕಾರಿ ಜಾಗವಾದ್ದರಿಂದ ಬಾಗಿಲಲ್ಲಿ ಚಂದಾ ಕೇಳುವವರಿಲ್ಲ, ಕುಲ ಕೇಳುವಂತಿಲ್ಲ.

ಸರ್ಕಾರದ ಬೆಂಬಲದ ಇಂಥ ಕೂಟಗಳನ್ನು ದೊಡ್ಡ ಮಟ್ಟದಲ್ಲಿ ಬೆಳೆಸಿದ್ದು ಜಪಾನ್. ಅಲ್ಲಿನ ‘ರೋಜಿನ್ ಕ್ಲಬ್ಬು’ಗಳಿಗೆ 1963ರ ಹಿರಿಯರ ಕಲ್ಯಾಣ ಕಾಯಿದೆಯ ಬೆಂಬಲ ಸಿಕ್ಕಿತು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ, ಒಂದೊಂದರಲ್ಲಿ ಮೂವತ್ತರಿಂದ ನೂರು ಜನ. ಗೇಟ್‌ಬಾಲ್ ಆಡುತ್ತಾರೆ, ಬೀದಿ ಗುಡಿಸುತ್ತಾರೆ, ಶಾಲೆಯಿಂದ ಬರುವ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಒಂದು ಕಾಲಕ್ಕೆ 80 ಲಕ್ಷ ದಾಟಿದ್ದ ಸದಸ್ಯರ ಸಂಖ್ಯೆ ಈಗ ಸುಮಾರು ಅರ್ಧಕ್ಕಿಳಿದಿದೆ. ಹಿರಿಯರು ಕಡಿಮೆಯಾದರೆಂದಲ್ಲ. ಅರವತ್ತೈದು ದಾಟಿಯೂ ದುಡಿಯುವವರು ಹೆಚ್ಚಿದ್ದಾರೆ, ಮುದುಕರ ಕ್ಲಬ್ಬೆಂದು ಬೋರ್ಡಿರುವ ಕಡೆಗೆ ಹೋಗಲು ಎಪ್ಪತ್ತರವರಿಗೂ ಮನಸ್ಸಿಲ್ಲ. ಕೆಲವು ಊರುಗಳಲ್ಲಿ ಬೋರ್ಡೇ ಬದಲಾಗಿದೆ.

ಆ ಕ್ಲಬ್ಬುಗಳಲ್ಲಿ ಇನ್ನೂ ಉಳಿದಿರುವ ಒಂದು ಕೆಲಸವೆಂದರೆ ಸ್ನೇಹಭೇಟಿ. ಒಂಟಿಯಾಗಿರುವ, ಹಾಸಿಗೆ ಹಿಡಿದ ಹಿರಿಯರ ಮನೆಗೆ ಸದಸ್ಯರೇ ಸರದಿಯ ಮೇಲೆ ಹೋಗಿ ಮಾತಾಡಿಸಿ ಬರುತ್ತಾರೆ. ಹೋಗುವವರಿಗೂ ಎಪ್ಪತ್ತೈದು, ಎಂಬತ್ತು. ನಮ್ಮಲ್ಲಿ ಎಷ್ಟೋ ಸಂಘಗಳ ಕೊಠಡಿ ಲಿಫ್ಟಿಲ್ಲದ ಮೊದಲ ಮಹಡಿಯಲ್ಲಿದೆ, ಮಂಡಿ ಕೆಟ್ಟ ದಿನ ಸದಸ್ಯತ್ವ ತಾನಾಗಿ ಮುಗಿಯುತ್ತದೆ. ಇಷ್ಟು ವರ್ಷ ಎದುರು ಕೂತು ಎಲೆ ಹಾಕಿದವರು ಎರಡು ವಾರ ಕಾಣದಿದ್ದರೆ ಯಾರು ಹೋಗಿ ನೋಡಬೇಕು ಎಂಬುದನ್ನು ಇನ್ನೂ ಬೈಲಾದಲ್ಲಿ ಬರೆಯದ ಸಂಘಗಳು, ಮುಂದಿನ ಮಹಾಸಭೆಯಲ್ಲಿ ಫ್ಯಾನಿನ ವೇಗದ ವಿಷಯ ಎತ್ತಿಕೊಳ್ಳುವ ಮೊದಲು ಅದನ್ನು ಚರ್ಚೆಗೆ ಇಡಬಹುದು.